ಹ್ಯಾಂಡೋವರ್ ಪುಸ್ತಕದಲ್ಲಿ ನರ್ಸ್‌ಗಳು

ನನ್ನ ಚಿಕ್ಕಮ್ಮ ಹೆಂಗಸರ ಮೂಳೆ ವಾರ್ಡಿನ ಹಿರಿಯ ನರ್ಸ್. ಬಿದ್ದವರನ್ನು ಎಬ್ಬಿಸಿ ನಡೆಸುವುದು ಅವರ ಇಪ್ಪತ್ತಾರು ವರ್ಷದ ಕೆಲಸ. ಹೋದ ವರ್ಷ ಖಾಲಿ ಮಂಚದ ಹಾಸಿಗೆ ಮಗುಚುವಾಗ ಅವರ ಮಣಿಕಟ್ಟೇ ಲಟಕ್ಕೆಂದಿತು. ಆಪರೇಷನ್ ಆಗಿ, ತಮ್ಮದೇ ವಾರ್ಡಿನ ಹದಿನಾಲ್ಕನೇ ಮಂಚದಲ್ಲಿ ನಾಲ್ಕು ದಿನ ಮಲಗಿದರು.

"ಮೂಳೆ ಸವೆದಿದೆ ಸಿಸ್ಟರ್. ಇನ್ನು ಹುಷಾರಾಗಿರಿ," ಎಂದರು ಡಾಕ್ಟರು. ಈ ಮಾತನ್ನು ಚಿಕ್ಕಮ್ಮ ರೋಗಿಗಳಿಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಅವರಿಗೆ ಯಾರಾದರೂ ಹೇಳಿದ್ದು ಅದೇ ಮೊದಲು.

ಕೈ ಸರಿಹೋದ ಮೇಲೆ ಅವರು ವಾರ್ಡಿನ ಹನ್ನೊಂದು ನರ್ಸ್‌ಗಳನ್ನು ಕೂರಿಸಿ ಪಾಠ ಮಾಡಿದರು. ಹಾಲು, ಮೊಸರು, ಎಳ್ಳು, ಸೊಪ್ಪು ತಿನ್ನಬೇಕು. ದಿನಾ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗಬೇಕು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಬೇಕು. ಊಟ ತಪ್ಪಿಸಿ ಟೀ ಮೇಲೆ ದಿನ ದೂಡಬಾರದು. ಕೊನೆಗೆ ಪ್ರಶ್ನೆಪತ್ರಿಕೆಯನ್ನೂ ಕೊಟ್ಟರು. ಹನ್ನೊಂದು ಜನಕ್ಕೂ ಹತ್ತಕ್ಕೆ ಹತ್ತು.

ಮಾರನೇ ದಿನ ಹನ್ನೊಂದು ಜನವೂ ತಂತಮ್ಮ ಪಾಳಿಗೆ ಲಿಫ್ಟಿನಲ್ಲೇ ಬಂದರು. ಮಧ್ಯಾಹ್ನ ಬೆಳಗಿನ ಪಾಳಿಯವರು ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ನಿಂತುಕೊಂಡೇ ಟೀ ಕುಡಿದರು.

"ಊಟ ಎಲ್ಲೇ ಪುಟ್ಟಿ?" ಎಂದು ಚಿಕ್ಕಮ್ಮ ಎಲ್ಲರಿಗಿಂತ ಕಿರಿಯ ನರ್ಸನ್ನು ಕೇಳಿದರು.

"ಡಬ್ಬಿಯಲ್ಲಿದೆ ಅಕ್ಕ. ಒಂಬತ್ತನೇ ಮಂಚದವರ ಡ್ರೆಸಿಂಗ್ ಆಗ್ಲಿ, ಆಮೇಲೆ."

"ಆಮೇಲೆ ಅಂದ್ರೆ ಯಾವಾಗ?"

"ರಿಟೈರ್ ಆದ್ಮೇಲೆ," ಎಂದಳು ಪಕ್ಕದವಳು. ಎಲ್ಲರೂ ನಕ್ಕರು.

ಚಿಕ್ಕಮ್ಮ ನಗಲಿಲ್ಲ. ತಮ್ಮ ತಪ್ಪು ಅವರಿಗೆ ಆಗ ಹೊಳೆಯಿತು. ಗೊತ್ತಿದ್ದವರಿಗೇ ಗೊತ್ತಿದ್ದದ್ದನ್ನು ಹೇಳಿಕೊಟ್ಟಿದ್ದರು. ಏನೇ ಗೊತ್ತಿರಲಿ, ನರ್ಸ್ ಮಾಡುವುದು ಹ್ಯಾಂಡೋವರಿನಲ್ಲಿ ಬಂದ ಕೆಲಸ. ಪಾಳಿ ಬದಲಾಗುವಾಗ ಹೋಗುವವರು ಒಂದೊಂದು ಮಂಚದ ಸಂಗತಿಯನ್ನೂ ಪುಸ್ತಕ ನೋಡಿ ಬರುವವರಿಗೆ ಒಪ್ಪಿಸುತ್ತಾರೆ. ಬಾಕಿ ಎಂದು ಓದಿದ್ದನ್ನು ಮುಗಿಸದೆ ಯಾರೂ ಬಿಡುವುದಿಲ್ಲ.

ಮರುದಿನ ಕೊನೆಯ ಮಂಚದ್ದು ಓದಿದ ಮೇಲೂ ಚಿಕ್ಕಮ್ಮ ಪುಸ್ತಕ ಮುಚ್ಚಲಿಲ್ಲ. "ಪುಟ್ಟಿ: ಊಟ ಬಾಕಿ, ಬಿಸಿಲು ಬಾಕಿ. ನಾನು: ಊಟ ಆಗಿದೆ, ಬಿಸಿಲು ಬಾಕಿ," ಎಂದು ಬರೆದು ಅದೇ ದನಿಯಲ್ಲಿ ಓದಿದರು. ಮಧ್ಯಾಹ್ನದ ಪಾಳಿಯವರು ಮುಸಿಮುಸಿ ನಕ್ಕರು. ಆದರೂ ಅಭ್ಯಾಸಬಲ ನೋಡಿ, ಪುಟ್ಟಿಯ ಡಬ್ಬಿ ತೆರೆಸಿ, ಇಬ್ಬರನ್ನೂ ಹಿಂದಿನ ಅಂಗಳದ ಬಿಸಿಲಿಗೆ ಅಟ್ಟಿದರು. ದಿನ ಕಳೆದಂತೆ ಹನ್ನೊಂದು ಜನದ ಹೆಸರೂ, ಮೆಟ್ಟಿಲೂ ಪುಸ್ತಕ ಸೇರಿದವು. ಮೂರು ವಾರ ಕಳೆಯುವಷ್ಟರಲ್ಲಿ ಲಿಫ್ಟಿನವನು, "ನಿಮ್ಮ ವಾರ್ಡಿನವರಿಗೆ ನನ್ನ ಮೇಲೆ ಏನಾದ್ರೂ ಸಿಟ್ಟಾ?" ಎಂದು ಕೇಳಿದ.

ಸುದ್ದಿ ನರ್ಸ್‌ಗಳ ಮೇಲಧಿಕಾರಿ ಮೇಟ್ರನ್ ಕಿವಿಗೆ ಬಿತ್ತು. ಅವರು ಹ್ಯಾಂಡೋವರ್ ಹೊತ್ತಿಗೇ ಬಂದು ನಿಂತರು.

"ಇದು ರೋಗಿಗಳ ಪುಸ್ತಕ. ನಿಮ್ಮ ಊಟದ ಪುರಾಣ ಬರೆಯೋಕಲ್ಲ. ಆ ಸಾಲು ಹೊಡೆದುಹಾಕಿ ಸಿಸ್ಟರ್."

"ಹೊಡೆಯಲ್ಲ ಮೇಡಂ."

"ಏನಂದ್ರಿ?"

"ಕೈ ಮುರಿದಾಗ ಇದೇ ಪುಸ್ತಕದಲ್ಲಿ ನನ್ನ ಹೆಸರು ಬಂತು. ಹೊತ್ತುಹೊತ್ತಿಗೆ ಊಟ ಆಯ್ತಾ ಅಂತ ಕೇಳಿದ್ರು. ಮುರಿಯೋಕೆ ಮುಂಚೆ ಕೇಳಿದ್ರೆ ಏನು ತಪ್ಪು?"

"ಬರೆಯೋದು ನಿಲ್ಸಿ, ಇಲ್ಲಾಂದ್ರೆ ಈ ವಾರ್ಡ್ ಬಿಡಿ."

ಚಿಕ್ಕಮ್ಮ ಬೇರೆ ವಾರ್ಡಿನಲ್ಲಿ ಒಂದು ದಿನವೂ ದುಡಿದವರಲ್ಲ. ಆದರೂ ಪೆನ್ನಿನ ಮುಚ್ಚಳ ತೆಗೆದು ಎಂದಿನಂತೆ ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿ ಗಟ್ಟಿಯಾಗಿ ಓದಿದರು: "ಮೇಟ್ರನ್ ಮೇಡಂ: ಊಟ ಬಾಕಿ."

ಮೇಟ್ರನ್ ತಿರುಗಿ ಹೊರಟುಹೋದರು.

ಸೋಮವಾರ ಚಿಕ್ಕಮ್ಮನನ್ನು ಹೊರರೋಗಿಗಳ ವಿಭಾಗಕ್ಕೆ ಹಾಕಿದರು. ಮಧ್ಯಾಹ್ನ ಪುಟ್ಟಿ ಮೂರು ಮಹಡಿ ಇಳಿದು ಬಂದಳು.

"ಮೇಡಂ ಆ ಸಾಲುಗಳ ಮೇಲೆ ಶಾಯಿ ಬಳಿದ್ರು ಅಕ್ಕ. ನಾವು ಬಾಯಲ್ಲೇ ಒಪ್ಪಿಸಿದ್ವಿ. ಹನ್ನೊಂದು ಜನದ್ದೂ."

ಚಿಕ್ಕಮ್ಮ ತಲೆಯಾಡಿಸಿ, ಪಕ್ಕದಲ್ಲಿ ನಿಂತುಕೊಂಡೇ ಟೀ ಕುಡಿಯುತ್ತಿದ್ದ ಅಲ್ಲಿಯ ನರ್ಸ್ ಕಡೆ ತಿರುಗಿದರು. "ನಿಮ್ಮಲ್ಲಿ ಪಾಳಿ ಎಷ್ಟು ಗಂಟೆಗಮ್ಮ ಬದಲಾಗೋದು?"

"ಎರಡಕ್ಕೆ. ಆದ್ರೆ ಇಲ್ಲಿ ಮಂಚ ಇಲ್ಲ ಸಿಸ್ಟರ್, ಒಪ್ಪಿಸೋಕೆ ಏನಿದೆ?"

"ನೀನಿದ್ದೀಯಲ್ಲ," ಎಂದು ಚಿಕ್ಕಮ್ಮ ಹೊಸ ನೋಟ್‌ಬುಕ್ ತೆರೆದರು.