ಹುಲ್ಲು ಮುಗಿದ ಮೇಲಿನ ಗುಡ್ಡ

ರಾಂಪುರದ ಟೀ ಅಂಗಡಿಯಲ್ಲಿ ಬೋರಣ್ಣನ ಬಾಯಿಂದ ಮಾತು ಜಾರಿಯೇ ಹೋಯಿತು: "ನಾಳೆ ಈ ಮೇಡಮ್ಮನ್ನ ಕರಿಗುಡ್ಡದ ತುದೀಲಿ ನಿಲ್ಲಿಸ್ತೀನಿ. ಇಲ್ಲಾಂದ್ರೆ ಇನ್ನು ಕುರಿಕೋಲು ಮುಟ್ಟಾಕಿಲ್ಲ!"

ಮೇಡಂ ಅಂದರೆ ಪುಷ್ಪಲತಾ, ಕಾಲೇಜಿನಲ್ಲಿ ಕಲ್ಲುಗಳ ಪಾಠ ಹೇಳುವಾಕೆ. ನೆಲದೊಳಗಿನ ಬೆಂಕಿ ಎಂದೋ ಉಕ್ಕಿ ಹರಿದು, ಹೆಪ್ಪುಗಟ್ಟಿ ಕರಿಗುಡ್ಡ ಆಯಿತಂತೆ. ಅದರ ತುದಿಯ ಕಲ್ಲಿನದೊಂದು ಚೂರು ಆಕೆಗೆ ಬೇಕಿತ್ತು. ಏಪ್ರಿಲ್ ಬಿಸಿಲಲ್ಲಿ ದಾರಿ ತೋರಿಸಲು ಒಪ್ಪಿದವನು ಬೋರಣ್ಣ ಒಬ್ಬನೇ. ಅದಕ್ಕೇ ಭಾವಮೈದ ಬೊಮ್ಮಣ್ಣ ನಕ್ಕಿದ್ದ: "ಭಾವ, ನಿಂಗೆ ಗೊತ್ತಿರಾದು ಕುರಿ ಹೊಟ್ಟೆ ತುಂಬೋ ಮಟದ ಗುಡ್ಡ. ತುದಿ ಯಾವತ್ತು ಕಂಡಿದ್ದೆ?"

ಸಿಟ್ಟಿನ ಬೋರಣ್ಣ ಎಂದೇ ಅವನಿಗೆ ಹೆಸರು. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರ ಮುಂದೆ ಸ್ಲೇಟು ಎಸೆದು ಬಂದವನು. ಮರುದಿನವೇ ಅಪ್ಪ ಕೈಗೆ ಕೋಲು ಕೊಟ್ಟ. ಅಲ್ಲಿಂದ ನಲವತ್ತು ವರ್ಷ ಅದೇ ಗುಡ್ಡ, ಅದೇ ಕುರಿ. ಕೋಲು ಬಿಟ್ಟರೆ ಅವನಿಗೆ ಬೇರೆ ಬಾಳಿಲ್ಲ.

ಬೆಳಗಿನ ಐದಕ್ಕೆ ಹೊರಟರು. ಬೋರಣ್ಣ ಶಿಳ್ಳೆ ಹಾಕುತ್ತಾ ಮುಂದೆ ನಡೆದ. ಯಾವ ಪೊದೆಯ ಹಿಂದೆ ನೀರು, ಯಾವ ಬಂಡೆಗೆ ನೆರಳು, ಎಲ್ಲಾ ಬಾಯಿಪಾಠ. ಎಂಟರ ಹೊತ್ತಿಗೆ ಹುಲ್ಲು ಮುಗಿಯಿತು. ದಿನಾ ಕುರಿ ತಿರುಗಿಸುವ ಜಾಗ ಅದು. ಕಾಲು ತಾನಾಗಿಯೇ ಹಿಂದಕ್ಕೆ ತಿರುಗಲು ನೋಡಿತು. ಬೊಮ್ಮಣ್ಣ ಹೇಳಿದ್ದು ನಿಜವಿತ್ತು. ಹುಲ್ಲಿಲ್ಲದ ಕಡೆ ಕುರಿ ಹೋಗದು, ಕುರಿ ಹೋಗದ ಕಡೆ ಕುರಿ ಕಾಯುವವನಿಗೇನು ಕೆಲಸ?

ಎದುರಿಗೆ ಎರಡು ಕೊರಕಲು. ಎಡಕ್ಕೆ ನುಗ್ಗಿದ. ಅರ್ಧ ಗಂಟೆ ಹತ್ತಿದ ಮೇಲೆ ಗೋಡೆಯಂಥ ಬಂಡೆ ಅಡ್ಡ ನಿಂತಿತು.

"ಅಣ್ಣಾ, ದಾರಿ ಗೊತ್ತಲ್ವೇನ್ರಿ?" ಎಂದಳು ಪುಷ್ಪಲತಾ.

"ಗೊತ್ತಿಲ್ದೆ ನಿಮ್ಮನ್ನ ಇಲ್ಲಿಗೆ ತಂದಿದೀನಾ?" ಎಂದು ಬೋರಣ್ಣ ಗುಡುಗಿದ. ಇಬ್ಬರೂ ಕೊರಕಲ ಬಾಯಿಗೆ ಇಳಿದು ಕೂತರು. ನೀರು ಕುಡಿದು ಬೋರಣ್ಣ ನೆಲ ನೋಡುತ್ತಾ ಹೇಳಿದ: "ಇಲ್ಲಿಂದ ಮ್ಯಾಲಕ್ಕೆ ನಾನೂ ನಿಮ್ಮಂಗೆ ಹೊಸಬ ಕಣಮ್ಮಾ."

"ಗೊತ್ತಾಯ್ತು ಬಿಡಿ. ಹುಲ್ಲು ಮುಗಿದಾಗ್ಲೇ ನಿಮ್ಮ ಶಿಳ್ಳೆ ನಿಂತೋಯ್ತು," ಎಂದು ಆಕೆ ನಕ್ಕಳು. "ಬಿಸ್ಲು ಏರ್ತಿದೆ. ಇನ್ನೊಂದಿನ ಬರೋಣ."

"ಇನ್ನೊಂದಿನ ಬಂದ್ರೆ ಸೂರ್ಯ ತಣ್ಣಗಿರ್ತಾನಾ? ಏಳ್ರಿ."

ಬಲಗಡೆಯ ಕೊರಕಲನ್ನು ಈ ಸಲ ಕಣ್ಣಿಟ್ಟು ನೋಡಿದ. ಬಂಡೆಯ ಅಂಚಿನಲ್ಲಿ ಒಣಗಿದ ಹಿಕ್ಕೆ. ಕುರಿಯದಲ್ಲ, ಮೇಕೆಯದು. ಮಂದೆ ಬಿಟ್ಟು ಮೇಲಕ್ಕೆ ಓಡುತ್ತಿದ್ದ ಮೇಕೆಗಳಿಗೆ "ಕಳ್ ನನ್ಮಕ್ಳಾ" ಎಂದು ಎಷ್ಟು ಕಲ್ಲು ಬೀಸಿದ್ದನೋ! ಅವೆಲ್ಲಿಗೆ ಹೋಗುತ್ತವೆಂದು ಒಮ್ಮೆಯೂ ಹಿಂದೆ ಹೋಗಿ ನೋಡಿರಲಿಲ್ಲ. ಈಗ ಹೋದ. ಹಿಕ್ಕೆ ಕಂಡಲ್ಲಿ ಕಾಲಿಟ್ಟ, ಕಾಣದಿದ್ದಲ್ಲಿ ನಿಂತು ಹುಡುಕಿದ. ಕೊನೆಯ ಏರಿನಲ್ಲಿ ಕರಿಬಂಡೆ ಅಂಗೈ ಸುಡುತ್ತಿತ್ತು. ಹೆಗಲ ಕಂಬಳಿ ಅದರ ಮೇಲೆ ಹಾಸಿ ತಾನು ಹತ್ತಿ, ಕೋಲು ಚಾಚಿ ಆಕೆಯನ್ನು ಎಳೆದುಕೊಂಡ.

ಆಮೇಲೆ ಹತ್ತಲು ಏನೂ ಉಳಿದಿರಲಿಲ್ಲ. ಪುಷ್ಪಲತಾ ಸುತ್ತಿಗೆ ತೆಗೆದಳು. ಬೋರಣ್ಣ ಸೊಂಟಕ್ಕೆ ಕೈಯಿಟ್ಟು, ಏದುಸಿರು ಬಿಡುತ್ತಾ, ತನ್ನ ನಲವತ್ತು ವರ್ಷದ ಹುಲ್ಲುಗಾವಲನ್ನು ಮೊದಲ ಸಲ ಮೇಲಿನಿಂದ ನೋಡಿದ. ಅಂಗೈಯಗಲ ಕಂಡಿತು.

ಸಂಜೆ ಟೀ ಅಂಗಡಿಯಲ್ಲಿ ಮೇಡಂ ಕಲ್ಲು ತೋರಿಸಿದಾಗ ಬೊಮ್ಮಣ್ಣ ರಾಗ ಎಳೆದ: "ಹಂಗಾರೆ ಮೊದ್ಲೇ ಹತ್ತಿದ್ದೆ ಅನ್ನು, ಭಾವ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ ಕಣಲೇ, ಇವತ್ತೇ ಮೊದ್ಲು. ಅದೂ ಮ್ಯಾಕೆ ಹಿಕ್ಕೆ ನೋಡ್ಕೊಂಡು," ಎಂದ ಬೋರಣ್ಣ, ಕೋಲನ್ನು ಹತ್ತಿರಕ್ಕೆ ಎಳೆದುಕೊಂಡು. "ನಾಳೆ ಐದಕ್ಕೆ ರೆಡಿಯಾಗಿರು. ನಿನ್ನೂ ಹತ್ತಿಸ್ತೀನಿ."