ಮತ್ತೆ ಮತ್ತೆ ಬೀಳುತ್ತಿದ್ದ ಬೀಗ

ಯಲಹಂಕದಾಚೆ, ವಿಮಾನ ನಿಲ್ದಾಣದ ರಸ್ತೆಗೆ ಬೆನ್ನು ಹಾಕಿ ಕೂತಿರುವ ಒಂದು ಕಾಲೇಜಿನಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಪಾಸ್‌ವರ್ಡ್ ಮರೆತವರೆಲ್ಲ ನನ್ನ ಬಾಗಿಲಿಗೇ ಬರಬೇಕು. ಮರೆತೆ ಎಂದು ಒಪ್ಪಿಕೊಳ್ಳುವವರು ಕಡಿಮೆ, “ನಿಮ್ಮ ಸರ್ವರ್ರೇ ಮರೆತಿದೆ ಕಣ್ರೀ” ಎನ್ನುವವರೇ ಹೆಚ್ಚು.

ಆವತ್ತು ಬೆಳಿಗ್ಗೆ ಮೇಷ್ಟ್ರೊಬ್ಬರು ಕಳ್ಳ ಮೇಲ್ ನಂಬಿ ಪಾಸ್‌ವರ್ಡ್ ಬರೆದುಕೊಟ್ಟಿದ್ದರು. ಎಲ್ಲರೂ ಕೂಡಲೇ ಪಾಸ್‌ವರ್ಡ್ ಬದಲಿಸಬೇಕೆಂದು ಹೇಳಿ ಕಳಿಸಿದೆ. ತಪ್ಪು ಪಾಸ್‌ವರ್ಡ್ ಸಾಲಾಗಿ ಬಿದ್ದರೆ ಖಾತೆಗೆ ತಾನೇ ಬೀಗ ಬೀಳುವಂತೆಯೂ ಬಿಗಿ ಮಾಡಿದೆ. ಮಧ್ಯಾಹ್ನ ಡಬ್ಬಿ ಬಿಚ್ಚುವಷ್ಟರಲ್ಲಿ ಗದಗದ ಕಡೆಯ ಮೇಡಂ ಒಬ್ಬರು ಓಡಿ ಬಂದರು. ನಮ್ಮಲ್ಲಿ ವರ್ಷಗಟ್ಟಲೆ ತಾತ್ಕಾಲಿಕವಾಗಿಯೇ ಪಾಠ ಮಾಡುತ್ತಿದ್ದವರು.

“ಸರ್, ಬ್ಯಾರೆ ಕಾಲೇಜಿನ್ಯಾಗ ಕಾಯಂ ಕೆಲಸದ ಸಂದರ್ಶನಕ್ಕ ಕರದಾರ್ರಿ. ಬರ್ತೀನಿ ಅಂತ ಇದೇ ಮೇಲ್ ಐಡಿಯಿಂದ ಐದರೊಳಗ ಉತ್ತರ ಹೋಗಬೇಕು. ಇಲ್ಲಾಂದ್ರ ಮುಂದಿನವ್ರನ್ನ ಕರೀತಾರ. ನೀವು ಹೇಳಿದಂಗ ಮುಂಜಾನೆನೇ ಪಾಸ್‌ವರ್ಡ್ ಬದಲಿ ಮಾಡೀನಿ, ಈಗ ನೋಡಿದ್ರ ಒಳಗ ಬಿಡವಲ್ದು!”

ಬೀಗ ತೆಗೆದೆ. ಅವರು ಹೊಸ ಪಾಸ್‌ವರ್ಡ್ ಹೊಡೆಯುವ ಮೊದಲೇ ಮತ್ತೆ ಬಿತ್ತು. ತೆಗೆದೆ, ಬಿತ್ತು. ಎಲ್ಲಿಂದಲೋ ಯಾರೋ ಮೊಬೈಲ್ ಇಂಟರ್ನೆಟ್ಟಿನಿಂದ ಅವರ ಖಾತೆಯ ಕದ ತಟ್ಟುತ್ತಲೇ ಇದ್ದರು.

ಪಕ್ಕದ ಮೇಜಿನ ಗೆಳೆಯ ಅನ್ನ ಕಲಸುತ್ತ ಹೇಳಿದ: “ಆ ಬೀಗದ ರೂಲೇ ತೆಗೆದಾಕು ಗುರು. ಐದು ಗಂಟೆವರೆಗೆ ಯಾವ ಕಳ್ಳ ಬರ್ತಾನೆ?”

“ಬೆಳಿಗ್ಗೆ ಬಂದವನೇ ಬರ್ತಾನೆ.”

“ಹಂಗಾದ್ರೆ ಕಾವಲು ಕಾಯ್ಕೊಂಡು ಕೂತ್ಕೋ, ಮೇಡಂ ಕೆಲಸ ಹೋಗ್ಲಿ.”

ಮಾತು ಚುಚ್ಚಿತು. ತಟ್ಟುತ್ತಿರುವವನು ಅದೇ ಕಳ್ಳನಾಗಿದ್ದರೆ, ಕಾವಲು ತೆಗೆದರೆ ಇಡೀ ಕಾಲೇಜಿನ ಖಾತೆಗಳಿಗೆ ಅಪಾಯ. ತೆಗೆಯದಿದ್ದರೆ ಎದುರಿಗೆ ನಿಂತವರ ಅನ್ನಕ್ಕೆ ಕಲ್ಲು. ಕುಳಿತರೆ ಕೂರಲಾಗದು, ಎದ್ದರೆ ಹೋಗಲು ಜಾಗವಿಲ್ಲ. ಮೇಡಂ ಗಡಿಯಾರ ನೋಡುವುದು, ನಾನು ಅವರ ಮುಖ ತಪ್ಪಿಸುವುದು. ಅನ್ನ ಡಬ್ಬಿಯಲ್ಲೇ ಆರಿತು.

ಪರದೆಯ ಮೇಲೆ ಬರುತ್ತಿದ್ದ ದಾಖಲೆಯನ್ನೇ ನೋಡುತ್ತ ನೋಡುತ್ತ ಒಂದು ವಿಷಯ ಹೊಳೆಯಿತು. ತಟ್ಟುವುದು ಒಂದೇ ಸಮ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ, ಆಮೇಲೆ ಪಟಪಟನೆ, ಮತ್ತೆ ಮೌನ. ಯಂತ್ರದ ಚಾಳಿ ಇದಲ್ಲ, ಬೇಸತ್ತ ಬೆರಳಿನದು.

“ಮೇಡಂ, ನಿಮ್ಮ ಹಳೇ ಫೋನ್ ಏನ್ ಮಾಡಿದ್ರಿ?”

“ನಮ್ಮ ಅತ್ತಿಯವ್ರಿಗೆ ಕೊಟ್ಟೀನ್ರಿ, ಭಜನಿ ಕೇಳ್ಲಿಕ್ಕೆ.”

“ಮೇಲ್ ತೆಗೆದು ಕೊಟ್ರಾ?”

ಮೇಡಂ ಹಣೆ ಹಣೆ ಬಡಿದುಕೊಂಡರು. ಹೊಸ ಫೋನ್ ಕೊಂಡಾಗ ಹಳೆಯದನ್ನು ಇದ್ದಂತೆಯೇ ಮನೆಯ ಹಿರಿಯರ ಕೈಗಿಡುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಬ್ಯಾಟರಾಯನಪುರದ ಮನೆಯಲ್ಲಿದ್ದ ಅದೇ ಫೋನಿಗೆ ಕರೆ ಹೋಯಿತು. ಸ್ಪೀಕರಿನಲ್ಲಿ ಅತ್ತೆಯ ಗಟ್ಟಿ ದನಿ.

“ಹೌದವಾ, ಮುಂಜಾನಿಂದ ಭಜನಿ ನಡುವ ಏನೋ ಕೇಳಾಕ ಹತ್ತೈತಿ. ನಾ ಹೂಂ ಅಂತ ಒತ್ತೀನಿ. ಮತ್ತ ಕೇಳತೈತಿ, ಮತ್ತ ಹೂಂ ಅಂತೀನಿ. ಏನ್ ಹಟಮಾರಿ ಐತಿ!”

“ಬ್ಯಾಡ ಅಂತ ಒತ್ರಿ ಅತ್ತಿ!”

“ಅಷ್ಟು ಸಲ ಕೇಳಿದ್ದಕ್ಕ ಇಲ್ಲ ಅಂತ ಹೆಂಗ ಅನ್ನೂದು?”

ಹಳೆಯ ಪಾಸ್‌ವರ್ಡ್ ಆ ಫೋನಿನಲ್ಲಿ ಚುಕ್ಕೆಗಳಾಗಿ ಕೂತೇ ಇತ್ತು. ಆ ತಾಯಿ ಅದನ್ನೇ ನನ್ನ ಸರ್ವರಿಗೆ ಧಾರಾಳವಾಗಿ ಕಳಿಸುತ್ತಿದ್ದರು.

“ಈಗ ಫೋನ್ ಬಂದ್ ಮಾಡ್ರಿ.”

“ಬಂದ್ ಮಾಡಿದ್ರ ನಿನ್ ಜೋಡಿ ಹೆಂಗ ಮಾತಾಡ್ಲಿ?”

“ಮಾತು ಬ್ಯಾಡ್ರಿ! ನನ್ನ ಕೆಲಸ ಹೋಗ್ತೈತಿ ಅತ್ತಿ!”

ಆ ಕಡೆ ಕರೆ ಕಡಿದುಹೋಯಿತು. ಬೀಗ ತೆಗೆದೆ. ಈ ಸಲ ಬೀಳಲಿಲ್ಲ. ಮೇಡಂ ನನ್ನ ಕುರ್ಚಿಯಲ್ಲೇ ಕೂತು ಎರಡು ಸಾಲು ಬರೆದು ಕಳಿಸಿದರು. ಗಡಿಯಾರದಲ್ಲಿ ಇನ್ನೂ ಐದಾಗಿರಲಿಲ್ಲ. ಆದರೂ ಆ ಕಡೆಯಿಂದ “ತಲುಪಿದೆ” ಎಂಬ ಉತ್ತರ ಬರುವವರೆಗೂ ಮೂವರೂ ಪರದೆಯಿಂದ ಕಣ್ಣು ಕೀಳಲಿಲ್ಲ.

ಸುದ್ದಿ ಹೇಳಲು ಮೇಡಂ ಮತ್ತೆ ಮತ್ತೆ ಅತ್ತೆಗೆ ಫೋನ್ ಮಾಡಿದರು. ಸ್ವಿಚ್ ಆಫ್. ವ್ಯಾನಿಟಿ ಬ್ಯಾಗ್ ಹೆಗಲಿಗೇರಿಸಿ ಬಸ್ಸಿಗೆ ಹೊರಟೇಬಿಟ್ಟರು.

“ಅಂಜಿಬಿಟ್ಟಾರ್ರಿ ಪಾಪ. ನಾ ಹೋಗಿ ಹೇಳೂ ತನಕ ಆ ಫೋನ್ ಮುಟ್ಟಂಗಿಲ್ಲ ನಮ್ಮತ್ತಿ.”