ಹಿಮದ ಗೋಡೆಯ ಮುಂದೆ ಕೇಳಿದ ಕೂಗು

ದೆವ್ವ, ಗಾಳಿ, ಸೋಕು ಎಂದರೆ ನನಗೆ ನಗು ಬರುತ್ತಿತ್ತು. ಕಾಡಂಚಿನಲ್ಲಿ ಕ್ಯಾಮೆರಾ ಹಿಡಿದು ಎಷ್ಟೋ ರಾತ್ರಿ ಕಳೆದಿದ್ದೇನೆ. ಹೆದರಿಸಿದ್ದು ಆನೆ ಮಾತ್ರ. ಇದನ್ನು ನೀವು ನಂಬದಿದ್ದರೂ ಬೇಸರವಿಲ್ಲ.

ಕೆ.ಆರ್. ನಗರದಲ್ಲಿ ಪಿಟೀಲು ಕಲಿಸುವ ನನ್ನಕ್ಕ ಹಿಮವನ್ನು ಕುರಿತು ಒಂದು ಸಂಗೀತ ಕಾರ್ಯಕ್ರಮ ಕಟ್ಟಿದ್ದಳು. ಅವಳು ನುಡಿಸುವಾಗ ಹಿಂದಿನ ಪರದೆಯ ಮೇಲೆ ಧ್ರುವಪ್ರದೇಶದ ಚಿತ್ರಗಳು ಬರಬೇಕು. ಕೊನೆಗೆ ಹಿಮದ ಗೋಡೆ ಕುಸಿದು ಸಮುದ್ರಕ್ಕೆ ಬೀಳಬೇಕು. ಕಾಡಂಚಿನ ವೀರನಹೊಸಹಳ್ಳಿಯಲ್ಲಿ ನನ್ನಿಂದ ಫೋಟೋ ತೆಗೆಯುವುದನ್ನು ಕಲಿತ ದಿಲ್ಲಿಯ ತಂಡವೊಂದು ಹಡಗಿನಲ್ಲಿ ಉತ್ತರ ಧ್ರುವದ ಕಡೆ ಹೊರಟಾಗ ನನ್ನನ್ನೂ ಕರೆದೊಯ್ದಿತು. "ಆ ಕುಸಿಯೋದೊಂದು ತಂದ್ಕೊಡು ಸಾಕು ಕಣೋ" ಎಂದಿದ್ದಳು ಅಕ್ಕ. ಇಂಥ ಅವಕಾಶ ಇನ್ನೊಮ್ಮೆ ಸಿಗದೆಂದು ಇಬ್ಬರಿಗೂ ಗೊತ್ತಿತ್ತು.

ಹೋದಾಗಿನಿಂದ ಬರೀ ಮಂಜು. ಬೆರಳು ಮರಗಟ್ಟಿ, ಬ್ಯಾಟರಿ ಕೈಕೊಟ್ಟು, ಹಲ್ಲು ಕಚ್ಚಿಕೊಂಡು ಕಾದೆ. ಕಡೆಯ ದಿನ ಮಂಜು ಸರಿಯಿತು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಗಡಿಯಾರಕ್ಕೆ ರಾತ್ರಿ, ಕಣ್ಣಿಗೆ ಹಗಲು. ಎಲ್ಲರೂ ಮಲಗಿದ್ದರು. ರೆಕಾರ್ಡರ್ ಆನ್ ಮಾಡಿಟ್ಟು, ಕ್ಯಾಮೆರಾವನ್ನು ಎದುರಿನ ಹಿಮದ ಗೋಡೆಯತ್ತ ಹಿಡಿದು ಡೆಕ್ಕಿನ ಮೇಲೆ ಒಬ್ಬನೇ ನಿಂತೆ.

ಆಗ ಬೆನ್ನ ಹಿಂದೆ ಯಾರೋ ಕೂಗಿದರು. "ಲೇ ಪುಟ್ಟ, ಇತ್ಲಾಗ್ ನೋಡ್ಲಾ."

ನನ್ನನ್ನು ಪುಟ್ಟ ಎನ್ನುವವರು ಮನೆಯವರು ಮಾತ್ರ. ಆ ಹಡಗಿನಲ್ಲಿ ಕನ್ನಡ ಬರುತ್ತಿದ್ದುದೇ ನನಗೊಬ್ಬನಿಗೆ. "ಆಂ?" ಎಂದು ತಿರುಗಿದೆ. ಯಾರೂ ಇರಲಿಲ್ಲ. ಅದೇ ಗಳಿಗೆಗೆ ಇತ್ತ ಗೋಡೆ ಸಿಡಿಲು ಬಡಿದಂತೆ ಕುಸಿಯಿತು. ನಾನು ಮತ್ತೆ ಕ್ಯಾಮೆರಾ ಎತ್ತುವಷ್ಟರಲ್ಲಿ ನೀರು ಕಲಕುತ್ತಿತ್ತು, ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿಟ್ಟಿಗೆ ಅಳುವೇ ಬಂತು.

ಊರಿಗೆ ಬಂದ ಮೇಲೆ ಕೂಗಿನ ವಿಷಯ ಅಕ್ಕನಿಗೆ ಹೇಳಲಿಲ್ಲ. ಸೋತವನ ನೆಪ ಎಂದುಕೊಂಡಾಳು. ಆದರೆ ರೆಕಾರ್ಡಿಂಗ್ ಕೇಳುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. "ಯಾರಿಗ್ಲಾ ಓಗೊಟ್ಟೆ ನೀನು?"

ಅದರಲ್ಲಿ ಕೂಗು ಇರಲಿಲ್ಲ. ಗಾಳಿ, ನನ್ನ "ಆಂ?", ಆಮೇಲೆ ಹಿಮದ ಸದ್ದು. ನಡೆದದ್ದನ್ನು ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ನಮ್ಮ ಕಡೆ ರಾತ್ರಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರನೆಯ ಕೂಗಿಗೇ ಓಗೊಡುವುದು; ಮನುಷ್ಯರಲ್ಲದ್ದು ಒಂದೇ ಸಲ ಕೂಗುತ್ತದಂತೆ.

"ರಾತ್ರಿ ಒತ್ನಲ್ಲಿ ಒಂದೇ ಕೂಗಿಗೆ ತಿರುಗುದ್ಯಲ್ಲೋ" ಎಂದಳು.

ಅಷ್ಟು ಬೆಳಕಿರುವಾಗ ರಾತ್ರಿ ಅನ್ನುವುದು ಯಾರಿಗೆ ನೆನಪಿರುತ್ತದೆ, ನೀವೇ ಹೇಳಿ.

ಕಾರ್ಯಕ್ರಮ ಹುಣಸೂರಿನಲ್ಲಿ ನಡೆಯಿತು. ಕೊನೆಯಲ್ಲಿ ಪರದೆ ಖಾಲಿ. ಅಕ್ಕ ಬರೀ ನುಡಿಸಿದಳು. ಜನ ಚಪ್ಪಾಳೆ ತಟ್ಟಿದರು, ನನಗೆ ಹೊಟ್ಟೆ ಉರಿಯಿತು. ಚಳಿಗೆ ಕಿವಿ ಕೆಟ್ಟಿರಬೇಕು ಎನ್ನುತ್ತಾರೆ ಗೆಳೆಯರು. ಇರಬಹುದು. ಕೂಗಿದ್ದು ಯಾರೆಂದು ಗೊತ್ತಾಗಿದ್ದರೆ ಬೈಯುವುದಕ್ಕಾದರೂ ಒಬ್ಬರು ಸಿಗುತ್ತಿದ್ದರು.